ಬೆಕ್ಕಿನ ಮರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ: ತಕ್ಕ ವಯಸ್ಸು ಯಾವುದು?

ಸದ್ಭಕ್ತರ ಮನೆಗಳಲ್ಲಿ ಹಸು, ಎಮ್ಮೆ, ನಾಯಿಗಳಂತೆಯೇ ಬೆಕ್ಕಿಗೂ ಒಂದು ಸ್ಥಾನವುಂಟು. ಕೋಲಾರ ಸೀಮೆಯಲ್ಲಿ ನಾವು ಅದನ್ನು ಕೊತ್ತಿ ಎನ್ನುತ್ತೇವೆ, ಕೆ.ಜಿ.ಎಫ್.ನ ನಮ್ಮ ನೆರೆಯವರಲ್ಲಿ ಕೆಲವರು ಪಿಲ್ಲಿ ಎಂದೂ, ಕೆಲವರು ಪೂನೈ ಎಂದೂ ಕರೆಯುತ್ತಾರೆ. ಹೆಸರು ಯಾವುದಾದರೂ ರಾಗಿ ಮೂಟೆಯನ್ನು ಇಲಿಯಿಂದ ಕಾಯುವುದು, ಮಕ್ಕಳ ಮಡಿಲಲ್ಲಿ ಮಲಗುವುದು ಎಲ್ಲ ಕಡೆಯೂ ಒಂದೇ. ಆದರೆ ಈ ಪ್ರೀತಿಯ ಪ್ರಾಣಿಯ ವಿಷಯದಲ್ಲಿ ನಾವು ಕಣ್ಣು ಮುಚ್ಚಿಕೊಂಡಿರುವ ಒಂದು ಸಂಗತಿಯಿದೆ. ವರ್ಷಕ್ಕೆ ಎರಡು ಮೂರು ಬಾರಿ ಹುಟ್ಟುವ ಮರಿಗಳು ಎಲ್ಲಿ ಹೋಗುತ್ತವೆ ಎಂಬುದನ್ನು ನಾವು ಕೇಳಿಕೊಳ್ಳುವುದಿಲ್ಲ. ಚೀಲದಲ್ಲಿ ಕಟ್ಟಿ ಸಂತೆಯ ಬಳಿ, ರೈಲು ನಿಲ್ದಾಣದ ಬಳಿ, ದೇವಸ್ಥಾನದ ಅಥವಾ ಮಠದ ಅಂಗಳದಲ್ಲಿ ಬಿಟ್ಟುಬರುವುದನ್ನು ಅನೇಕರು ತಪ್ಪೆಂದೇ ಎಣಿಸುವುದಿಲ್ಲ. ‘ಯಾರಾದರೂ ಹಾಲು ಹಾಕುತ್ತಾರೆ’ ಎಂಬುದು ಅವರ ಸಮಾಧಾನ.

ಈ ಸಂಕಟಕ್ಕೆ ಸರಳವಾದ ಪರಿಹಾರವೆಂದರೆ ಸಂತಾನಹರಣ ಶಸ್ತ್ರಚಿಕಿತ್ಸೆ. ಅದನ್ನು ಮಾಡಿಸಬೇಕೆಂದು ಒಪ್ಪುವವರೂ ಒಂದು ಪ್ರಶ್ನೆಯಲ್ಲಿ ತೊಡಕಿಕೊಳ್ಳುತ್ತಾರೆ: ಯಾವ ವಯಸ್ಸಿನಲ್ಲಿ? ಒಂದು ಸೂಲು ಆದ ಮೇಲೆಯೇ, ವರ್ಷ ತುಂಬಿದ ಮೇಲೆಯೇ, ಆರು ತಿಂಗಳಿಗೋ, ಇನ್ನೂ ಮೊದಲೋ? ಈ ಸಂಚಿಕೆಯಲ್ಲಿ ಆ ಒಂದು ಪ್ರಶ್ನೆಯನ್ನೇ ಹಿಡಿದು ವಿಚಾರ ಮಾಡೋಣ.

ಇದು ಪಾಪವೇ?

ವಯಸ್ಸಿನ ವಿಚಾರಕ್ಕೆ ಮುನ್ನ ಭಕ್ತರ ಮನಸ್ಸಿನಲ್ಲಿರುವ ಶಂಕೆಯನ್ನು ನಿವಾರಿಸಿಕೊಳ್ಳುವುದು ಒಳ್ಳೆಯದು. ಪ್ರಾಣಿಯ ತಾಯ್ತನವನ್ನು ಕಿತ್ತುಕೊಳ್ಳುವುದು ಪಾಪವಲ್ಲವೇ ಎಂದು ಹಲವರು ಕೇಳುತ್ತಾರೆ. ಶಂಕೆ ದಯೆಯಿಂದಲೇ ಹುಟ್ಟಿದ್ದು. ಆದ್ದರಿಂದ ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ದಯೆಯೆಂಬುದು ಕಣ್ಣಿಗೆ ಕಾಣುವ ಪ್ರಾಣಿಯೊಂದಕ್ಕೆ ಮಾತ್ರ ಸಲ್ಲುವಂಥದಲ್ಲ. ತಾಯಿಯಿಂದ ಅಗಲಿಸಿದ ನಾಲ್ಕು ವಾರದೊಳಗಿನ ಮರಿ ತಾನಾಗಿ ಆಹಾರ ತಿನ್ನಲಾರದು, ಮೈಯ ಬಿಸಿಯನ್ನೂ ಚೆನ್ನಾಗಿ ಕಾಯ್ದುಕೊಳ್ಳಲಾರದು. ಅಂಗಳದಲ್ಲಿ ಬಿಟ್ಟ ಅಂಥ ಮರಿಗಳಲ್ಲಿ ಬದುಕುವುದು ಕೆಲವೇ. ಉಳಿದವು ಹಸಿವಿನಿಂದ, ಚಳಿಯಿಂದ, ನಾಯಿಯ ಬಾಯಿಗೆ ಸಿಕ್ಕಿ, ವಾಹನದ ಗಾಲಿಗೆ ಸಿಕ್ಕಿ ಸಾಯುತ್ತವೆ. ಹುಟ್ಟಿಸಿ ಸಾಯಬಿಡುವುದಕ್ಕಿಂತ ಹುಟ್ಟುವುದನ್ನು ತಡೆಯುವುದು ಹೆಚ್ಚಿನ ಕರುಣೆಯೆಂದು ನಾವು ತಿಳಿಯುತ್ತೇವೆ. ಬೆಕ್ಕಿಗೆ ಮನುಷ್ಯರಂತೆ ‘ನನಗೆ ಮಕ್ಕಳಾಗಲಿಲ್ಲ’ ಎಂಬ ಕೊರಗು ಇರುವುದಿಲ್ಲ. ಅಂಡಾಶಯವನ್ನು ತೆಗೆದರೆ ಬೆದೆಯ ಪ್ರೇರಣೆಯೂ ಅದರೊಂದಿಗೇ ಹೋಗುತ್ತದೆ.

ಇನ್ನೊಂದು ಮಾತನ್ನೂ ಇಲ್ಲಿ ನೆನಪಿಸಬೇಕು. ಹಸಿವು ಬಾಯಾರಿಕೆಗಳಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆದುಬಿಡುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆಯ 11ನೆಯ ಕಲಮಿನಂತೆ ಅಪರಾಧ. ಮರಿಗಳನ್ನು ಮಠದ ಬಾಗಿಲಲ್ಲಿ ಬಿಟ್ಟುಹೋಗುವುದು ದಾನವಲ್ಲ, ಹೊಣೆಯಿಂದ ನುಣುಚಿಕೊಳ್ಳುವುದು ಮಾತ್ರ.

ಬೆಕ್ಕಿನ ದೇಹದ ಗಡಿಯಾರ

ತಕ್ಕ ವಯಸ್ಸನ್ನು ನಿರ್ಣಯಿಸಲು ಹೆಣ್ಣು ಬೆಕ್ಕು ಎಂದು ಬೆದೆಗೆ ಬರುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಸಾಮಾನ್ಯವಾಗಿ ಇದು ನಾಲ್ಕರಿಂದ ಹತ್ತು ತಿಂಗಳೊಳಗೆ ನಡೆಯುತ್ತದೆ. ಅನೇಕ ಬೆಕ್ಕುಗಳು ಐದಾರು ತಿಂಗಳಿಗೇ ಬೆದೆಗೆ ಬರುತ್ತವೆ. ನಾಲ್ಕು ತಿಂಗಳಿಗೇ ಬರುವವೂ ಉಂಟು. ನೋಡಲು ಇನ್ನೂ ಮರಿಯಂತಿರುವ ಪ್ರಾಣಿ ತಾಯಿಯಾಗಬಲ್ಲದೆಂದು ನಮಗೆ ತೋಚುವುದಿಲ್ಲ. ನಮ್ಮ ಎಣಿಕೆ ತಪ್ಪುವುದು ಇಲ್ಲಿಯೇ.

ಬೆಕ್ಕಿನ ಬೆದೆಯನ್ನು ನಡೆಸುವುದು ಹಗಲಿನ ಬೆಳಕು. ಹಗಲು ದೀರ್ಘವಾಗುವ ಕಾಲದಲ್ಲಿ ಅದರ ಅಂಡಾಶಯ ಎಚ್ಚರಗೊಳ್ಳುತ್ತದೆ. ಯುರೋಪಿನಂಥ ಶೀತದೇಶಗಳಲ್ಲಿ ಚಳಿಗಾಲದ ಹಗಲು ಬಹಳ ಕಿರಿದಾಗುವುದರಿಂದ ಬೆಕ್ಕುಗಳಿಗೆ ಕೆಲವು ತಿಂಗಳ ಬಿಡುವು ಸಿಗುತ್ತದೆ. ಬಂಗಾರಪೇಟೆ ಮತ್ತು ಕೆ.ಜಿ.ಎಫ್.ಗಳು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಇಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಕಿರಿದಾದ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಆದ್ದರಿಂದ ನಮ್ಮ ಸೀಮೆಯ ಬೆಕ್ಕುಗಳಿಗೆ ಅಂಥ ಬಿಡುವು ಹೆಚ್ಚುಕಡಿಮೆ ಇಲ್ಲ. ವರ್ಷದ ಯಾವ ತಿಂಗಳಲ್ಲಾದರೂ ಬೆದೆಗೆ ಬರಬಲ್ಲವು. ಪರದೇಶದ ಪುಸ್ತಕಗಳಲ್ಲಿ ‘ವಸಂತದವರೆಗೆ ಕಾಯಬಹುದು’ ಎಂದಿದ್ದರೆ ಅದು ನಮಗೆ ಅನ್ವಯಿಸದು.

ಬೆದೆಗೆ ಬಂದ ಹೆಣ್ಣು ಬೆಕ್ಕು ನೆಲದ ಮೇಲೆ ಹೊರಳುತ್ತದೆ, ಹಗಲೂ ರಾತ್ರಿ ದೀರ್ಘವಾಗಿ ಕೂಗುತ್ತದೆ, ಬೆನ್ನು ಸವರಿದರೆ ಹಿಂಭಾಗವನ್ನು ಮೇಲೆತ್ತುತ್ತದೆ. ನಾಯಿಗೆ ಆಗುವಂತೆ ರಕ್ತಸ್ರಾವ ಕಾಣುವುದಿಲ್ಲ. ಹೀಗಾಗಿ ಹಲವರು ಇದನ್ನು ಹೊಟ್ಟೆನೋವೆಂದು ಭಾವಿಸಿ ಓಮದ ನೀರು ಕುಡಿಸಲು ಹೊರಡುತ್ತಾರೆ. ಗಂಡಿನೊಡನೆ ಕೂಡಿದಾಗಲೇ ಬೆಕ್ಕಿನ ದೇಹದಲ್ಲಿ ಅಂಡವು ಬಿಡುಗಡೆಯಾಗುವುದರಿಂದ ಗರ್ಭ ನಿಲ್ಲದೆ ಹೋಗುವುದು ಅಪರೂಪ. ಗಂಡು ದೊರೆಯದಿದ್ದರೆ ಬೆದೆ ಇಳಿದು, ಎರಡು ಮೂರು ವಾರಗಳಲ್ಲಿ ಮತ್ತೆ ಮರಳುತ್ತದೆ.

ಒಂದು ಲೆಕ್ಕ

ಗರ್ಭಧಾರಣೆಯ ಅವಧಿ ಸುಮಾರು ಒಂಬತ್ತು ವಾರ, ಅಂದರೆ 63ರಿಂದ 65 ದಿನ. ಒಂದು ಸೂಲಿಗೆ ಸಾಮಾನ್ಯವಾಗಿ ಮೂರರಿಂದ ಐದು ಮರಿಗಳು. ಮರಿಗಳು ಇನ್ನೂ ಮೊಲೆ ಕುಡಿಯುತ್ತಿರುವಾಗಲೇ ತಾಯಿ ಮತ್ತೆ ಬೆದೆಗೆ ಬರಬಲ್ಲದು. ಹಾಲೂಡುವಾಗ ಗರ್ಭ ನಿಲ್ಲದೆಂಬ ನಂಬಿಕೆ ತಪ್ಪು.

ಸಂಕ್ರಾಂತಿಯ ದಿನ ಹುಟ್ಟಿದ ಒಂದು ಹೆಣ್ಣು ಮರಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಜೂನ್ ನಡುವಿಗೆ ಅದಕ್ಕೆ ಐದು ತಿಂಗಳು. ಆಗ ಬೆದೆಗೆ ಬಂದು ಗರ್ಭ ಧರಿಸಿದರೆ ಆಗಸ್ಟಿನ ಮೂರನೆಯ ವಾರದಲ್ಲಿ ಮರಿ ಹಾಕುತ್ತದೆ. ಅಕ್ಟೋಬರಿನಲ್ಲಿ ಮತ್ತೆ ಗರ್ಭ ನಿಂತರೆ ಡಿಸೆಂಬರಿನಲ್ಲಿ ಎರಡನೆಯ ಸೂಲು. ಸೂಲಿಗೆ ನಾಲ್ಕರಂತೆ ಎಣಿಸಿದರೂ ಮುಂದಿನ ಸಂಕ್ರಾಂತಿಗೆ, ತನಗೆ ಒಂದು ವರ್ಷ ತುಂಬುವ ಮುನ್ನವೇ, ಅದು ಎಂಟು ಮರಿಗಳ ತಾಯಿ. ಅಷ್ಟು ಹೊತ್ತಿಗೆ ಮೊದಲ ಸೂಲಿನ ಹೆಣ್ಣು ಮರಿಗಳಿಗೆ ಐದು ತಿಂಗಳು ತುಂಬುತ್ತ ಬಂದಿರುತ್ತದೆ. ‘ಒಂದು ಸೂಲು ಆಗಲಿ, ಆಮೇಲೆ ನೋಡೋಣ’ ಎಂಬ ಮಾತಿನ ಬೆಲೆ ಇದು.

ಮೂರು ಅಭಿಪ್ರಾಯಗಳು

ವಯಸ್ಸಿನ ಬಗ್ಗೆ ಪಶುವೈದ್ಯರಲ್ಲಿಯೂ ಬೇರೆ ಬೇರೆ ಅಭಿಪ್ರಾಯಗಳಿವೆ. ಮೂರನ್ನೂ ನ್ಯಾಯವಾಗಿ ತೂಗಿನೋಡೋಣ.

ಮೊದಲನೆಯದು, ಆರು ತಿಂಗಳೆಂಬ ರೂಢಿ. ಹಿಂದಿನ ತಲೆಮಾರಿನ ಅರಿವಳಿಕೆ ಔಷಧಿಗಳು ಚಿಕ್ಕ ಮರಿಗಳಿಗೆ ಅಷ್ಟು ಸುರಕ್ಷಿತವಾಗಿರಲಿಲ್ಲ. ಪ್ರಾಣಿ ಸ್ವಲ್ಪ ಬಲಿಯಲಿ ಎಂಬ ಎಚ್ಚರದಿಂದ ಈ ರೂಢಿ ಗಟ್ಟಿಯಾಯಿತು. ಇಂದಿಗೂ ಅನೇಕ ವೈದ್ಯರು ಇದನ್ನೇ ಹೇಳುತ್ತಾರೆ. ಇದರ ದೋಷವೊಂದೇ: ಆರು ತಿಂಗಳು ತುಂಬುವ ಮುನ್ನವೇ ಎಷ್ಟೋ ಬೆಕ್ಕುಗಳು ಗರ್ಭ ಧರಿಸಿರುತ್ತವೆ.

ಎರಡನೆಯದು, ಬಹು ಬೇಗನೆ ಮಾಡಿಸುವುದು. ಅನಾಥ ಪ್ರಾಣಿಗಳ ಆಶ್ರಯಧಾಮಗಳಲ್ಲಿ ಎಂಟು ವಾರ ತುಂಬಿ, ಸುಮಾರು ಒಂದು ಕಿಲೋ ತೂಗುವ ಆರೋಗ್ಯವಂತ ಮರಿಗಳಿಗೂ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಮರಿಯನ್ನು ದತ್ತು ಕೊಟ್ಟ ಮೇಲೆ ಸಾಕುವವರು ಮರಳಿ ಕರೆತರುವರೆಂಬ ಭರವಸೆ ಇಲ್ಲದಿರುವುದೇ ಇದಕ್ಕೆ ಕಾರಣ. ಅನುಭವಿಗಳ ಕೈಯಲ್ಲಿ ಇದು ಸುರಕ್ಷಿತ. ಆದರೆ ಅಷ್ಟು ಚಿಕ್ಕ ಮರಿಯ ಮೈ ಬೇಗನೆ ತಣ್ಣಗಾಗುತ್ತದೆ, ರಕ್ತದ ಸಕ್ಕರೆ ಬೇಗನೆ ಇಳಿಯುತ್ತದೆ; ಬೆಚ್ಚಗಿಡುವ ಸಲಕರಣೆಯೂ ವಿಶೇಷ ಅಭ್ಯಾಸವೂ ಬೇಕು. ಮನೆಯಲ್ಲಿಯೇ ಬೆಳೆಯುತ್ತಿರುವ ಮರಿಗೆ ಇಷ್ಟು ಅವಸರ ಬೇಡ.

ಮೂರನೆಯದು, ನಾಲ್ಕು ತಿಂಗಳ ನಂತರ, ಐದು ತಿಂಗಳು ತುಂಬುವುದರೊಳಗೆ ಮಾಡಿಸುವುದು. 2016ರಲ್ಲಿ ಅಮೆರಿಕದಲ್ಲಿ ಸೇರಿದ ಪಶುವೈದ್ಯರ ಕಾರ್ಯಪಡೆಯೊಂದು ಲಭ್ಯವಿರುವ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ಸಂತಾನಕ್ಕಾಗಿ ಇಟ್ಟುಕೊಳ್ಳದ ಎಲ್ಲ ಬೆಕ್ಕುಗಳಿಗೂ ಐದು ತಿಂಗಳ ವಯಸ್ಸಿನೊಳಗೆ ಶಸ್ತ್ರಚಿಕಿತ್ಸೆ ಆಗಬೇಕೆಂದು ಸಲಹೆ ನೀಡಿತು. ಮರುವರ್ಷ ಅಮೆರಿಕದ ಪಶುವೈದ್ಯಕೀಯ ಸಂಘವು ಅದನ್ನು ಅನುಮೋದಿಸಿತು.

ನಮ್ಮ ಸೀಮೆಗೆ ಈ ಮೂರನೆಯ ಅಭಿಪ್ರಾಯವೇ ತಕ್ಕದ್ದೆಂದು ನಾವು ಭಾವಿಸುತ್ತೇವೆ. ಬೆದೆಗೆ ಋತುವಿನ ಬಿಡುವಿಲ್ಲದ ನಾಡಿನಲ್ಲಿ ಆರು ತಿಂಗಳವರೆಗೆ ಕಾಯುವುದು ಅಪಾಯಕರ. ಎಂಟು ವಾರಕ್ಕೆ ಮಾಡಿಸಲು ಬೇಕಾದ ಅನುಕೂಲ ಎಲ್ಲ ಊರುಗಳಲ್ಲಿಯೂ ದೊರೆಯುವುದಿಲ್ಲ. ನಾಲ್ಕರಿಂದ ಐದು ತಿಂಗಳ ಮರಿ ಸಾಮಾನ್ಯವಾಗಿ ಎರಡು ಕಿಲೋ ಆಸುಪಾಸು ತೂಗುತ್ತದೆ, ಲಸಿಕೆಗಳ ಸುತ್ತು ಮುಗಿದಿರುತ್ತದೆ. ಹೊಟ್ಟೆಯೊಳಗೆ ಕೊಬ್ಬು ಕಡಿಮೆ ಇರುವುದರಿಂದ ಶಸ್ತ್ರಚಿಕಿತ್ಸೆ ಬೇಗ ಮುಗಿಯುತ್ತದೆ, ಗಾಯವೂ ಬೇಗ ಮಾಯುತ್ತದೆ. ಯಾವ ಶಸ್ತ್ರಚಿಕಿತ್ಸೆಯೂ ಸಂಪೂರ್ಣ ಅಪಾಯರಹಿತವಲ್ಲ; ಆದರೆ ಆರೋಗ್ಯವಂತ ಎಳೆಯ ಪ್ರಾಣಿಯಲ್ಲಿ ಆ ಅಪಾಯ ಬಹು ಕಡಿಮೆ.

ನಿಮ್ಮ ವೈದ್ಯರು ಆರು ತಿಂಗಳವರೆಗೆ ಕಾಯೋಣವೆಂದರೆ ವಾದಕ್ಕಿಳಿಯಬೇಕಾಗಿಲ್ಲ. ಶಸ್ತ್ರ ಹಿಡಿಯುವವರ ಅನುಭವವೂ ಅವರಲ್ಲಿರುವ ಸಲಕರಣೆಯೂ ಮುಖ್ಯ. ಆದರೆ ಅಲ್ಲಿಯವರೆಗೆ ಹೆಣ್ಣು ಮರಿಯನ್ನು ಮನೆಯಿಂದ ಹೊರಗೆ ಬಿಡಕೂಡದು. ಚಾಂಪಿಯನ್ ರೀಫ್, ಮಾರಿಕುಪ್ಪಂ ಕಡೆಯ ಹಳೆಯ ಗಣಿ ಕಾರ್ಮಿಕರ ಸಾಲುಮನೆಗಳಲ್ಲಿ ಗೋಡೆಗೆ ಗೋಡೆ, ಸೂರಿಗೆ ಸೂರು ಅಂಟಿಕೊಂಡಿರುತ್ತವೆ. ಒಂದು ಮನೆಯ ಬೆಕ್ಕು ಸೂರಿನ ಮೇಲಿನಿಂದಲೇ ಹತ್ತು ಮನೆ ತಿರುಗಿ ಬರುತ್ತದೆ. ಅಂಥ ಕಡೆ ‘ನಮ್ಮದು ಎಲ್ಲಿಗೂ ಹೋಗುವುದಿಲ್ಲ’ ಎಂಬ ಭರವಸೆಗೆ ಆಧಾರವಿಲ್ಲ.

ಬೇಗ ಮಾಡಿಸುವುದರ ಆರೋಗ್ಯಲಾಭ

ಬೆಕ್ಕಿನ ಮೊಲೆಗಳಲ್ಲಿ ಏಳುವ ಗಡ್ಡೆಗಳಲ್ಲಿ ನೂರಕ್ಕೆ ಸುಮಾರು 85ಕ್ಕಿಂತ ಹೆಚ್ಚು ಕ್ಯಾನ್ಸರ್ ಗಡ್ಡೆಗಳೇ ಆಗಿರುತ್ತವೆ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಆರು ತಿಂಗಳೊಳಗೆ ಸಂತಾನಹರಣ ಮಾಡಿಸಿದ ಬೆಕ್ಕುಗಳಲ್ಲಿ ಈ ಕ್ಯಾನ್ಸರಿನ ಸಂಭವ ಶೇಕಡ 91ರಷ್ಟು ಕಡಿಮೆ. ಆರು ತಿಂಗಳ ಮೇಲೆ ವರ್ಷದೊಳಗೆ ಮಾಡಿಸಿದರೆ ಶೇಕಡ 86ರಷ್ಟು ಕಡಿಮೆ. ಎರಡನೆಯ ವರ್ಷಕ್ಕೆ ಬಿಟ್ಟರೆ ಆ ಲಾಭ ಶೇಕಡ 11ಕ್ಕೆ ಇಳಿಯುತ್ತದೆ. ಎರಡು ವರ್ಷ ದಾಟಿದ ಮೇಲೆ ಈ ವಿಷಯದಲ್ಲಿ ಪ್ರಯೋಜನವೇ ಕಾಣಲಿಲ್ಲ. ಮರಿ ಹಾಕಿಸುವುದರಿಂದ ಬೆಕ್ಕಿನ ಆರೋಗ್ಯ ಉತ್ತಮವಾಗುತ್ತದೆ ಎಂಬ ಮಾತಿಗೆ ಯಾವ ಆಧಾರವೂ ಇಲ್ಲ. ಗರ್ಭಕೋಶದಲ್ಲಿ ಕೀವು ತುಂಬಿಕೊಂಡು ಪ್ರಾಣಕ್ಕೇ ಎರವಾಗುವ ರೋಗದಿಂದಲೂ ಈ ಶಸ್ತ್ರಚಿಕಿತ್ಸೆ ಕಾಪಾಡುತ್ತದೆ.

ಗಂಡು ಮರಿಯ ವಿಚಾರ

ಎತ್ತಿಗೆ ಬೀಜ ಒಡೆಸುವುದನ್ನು ಬಲ್ಲ ನಮ್ಮ ರೈತ ಭಕ್ತರಿಗೆ ಗಂಡು ಬೆಕ್ಕಿನ ಶಸ್ತ್ರಚಿಕಿತ್ಸೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆದರೆ ಇಲ್ಲಿ ಒಡೆಯುವ ಕ್ರಮವಿಲ್ಲ. ಅರಿವಳಿಕೆ ಕೊಟ್ಟು, ನೋವಾಗದಂತೆ ವೃಷಣಗಳನ್ನು ತೆಗೆಯುತ್ತಾರೆ. ಹೊಟ್ಟೆ ತೆರೆಯಬೇಕಾಗಿಲ್ಲದ್ದರಿಂದ ಹೆಣ್ಣಿಗಿಂತ ಸುಲಭ. ವಯಸ್ಸು ಇದಕ್ಕೂ ನಾಲ್ಕರಿಂದ ಐದು ತಿಂಗಳು. ಎರಡೂ ವೃಷಣಗಳು ಚೀಲಕ್ಕೆ ಇಳಿದಿವೆಯೇ ಎಂಬುದನ್ನು ವೈದ್ಯರು ಮೊದಲು ಪರೀಕ್ಷಿಸುತ್ತಾರೆ.

ಗಂಡು ಮರಿ ಹಾಕುವುದಿಲ್ಲವಲ್ಲ, ಅದಕ್ಕೇಕೆ ಎಂದು ಕೇಳುವವರುಂಟು. ಬಲಿತ ಗಂಡು ಬೆಕ್ಕು ಗೋಡೆಗೆ, ಬಟ್ಟೆಗೆ, ಕೆಲವೊಮ್ಮೆ ಪೂಜೆಯ ಕೋಣೆಯ ಬಾಗಿಲಿಗೂ ಘಾಟುವಾಸನೆಯ ಮೂತ್ರ ಚಿಮುಕಿಸುತ್ತದೆ; ಹೆಣ್ಣನ್ನರಸಿ ರಾತ್ರಿಯೆಲ್ಲ ಅಲೆಯುತ್ತದೆ; ಕಾದಾಡಿ ಕೀವುಗಟ್ಟಿದ ಗಾಯ ಹೊತ್ತು ಬರುತ್ತದೆ. ಬೆಕ್ಕುಗಳ ರೋಗನಿರೋಧಕ ಶಕ್ತಿಯನ್ನು ಕುಂದಿಸುವ ವೈರಸ್ಸೊಂದು ಹರಡುವುದು ಮುಖ್ಯವಾಗಿ ಇಂಥ ಕಡಿತಗಳಿಂದಲೇ. ರೇಬೀಸ್ ಕೂಡ ಕಡಿತದಿಂದ ಬರುವ ರೋಗ. ಶಸ್ತ್ರಚಿಕಿತ್ಸೆಯಾದ ಗಂಡು ಬೆಕ್ಕುಗಳಲ್ಲಿ ಹೆಚ್ಚಿನವು ಈ ಅಲೆದಾಟ, ಕಾದಾಟಗಳನ್ನು ಬಹುಮಟ್ಟಿಗೆ ಬಿಡುತ್ತವೆ. ಬೇಗ ಮಾಡಿಸಿದರೆ ಮೂತ್ರನಾಳ ಕಿರಿದಾಗಿ ಕಟ್ಟಿಕೊಳ್ಳುತ್ತದೆ ಎಂಬ ಭಯ ಹಿಂದೆ ಇತ್ತು. ಏಳು ವಾರಕ್ಕೆ ಮತ್ತು ಏಳು ತಿಂಗಳಿಗೆ ಮಾಡಿಸಿದ ಬೆಕ್ಕುಗಳನ್ನು ಹೋಲಿಸಿ ನೋಡಿದಾಗ ಮೂತ್ರನಾಳದ ಅಳತೆಯಲ್ಲಿ ವ್ಯತ್ಯಾಸ ಕಂಡುಬರಲಿಲ್ಲ.

ಒಂದೇ ಸೂಲಿನ ಅಣ್ಣ ತಂಗಿ ಮರಿಗಳನ್ನು ಒಟ್ಟಿಗೆ ಸಾಕಿದವರು ವಿಶೇಷ ಎಚ್ಚರ ವಹಿಸಬೇಕು. ಅವುಗಳಿಗೆ ಸಂಬಂಧದ ಅರಿವಿಲ್ಲ. ಶಸ್ತ್ರಚಿಕಿತ್ಸೆಯ ನಂತರವೂ ಗಂಡು ಕೆಲವು ವಾರ ಗರ್ಭ ಕಟ್ಟಿಸಬಲ್ಲದಾದ್ದರಿಂದ ಸುಮಾರು ಒಂದೂವರೆ ತಿಂಗಳು ಬೆದೆಯ ಹೆಣ್ಣಿನಿಂದ ದೂರವಿಡಬೇಕು.

ಹುಟ್ಟಿದ ದಿನ ಗೊತ್ತಿಲ್ಲದಿದ್ದರೆ?

ಬೀದಿಯಿಂದ ತಂದ ಮರಿಯ ವಯಸ್ಸನ್ನು ಹಲ್ಲಿನಿಂದ ತಿಳಿಯಬಹುದು. ಎರಡು ತಿಂಗಳ ಹೊತ್ತಿಗೆ ಹಾಲುಹಲ್ಲುಗಳೆಲ್ಲ ಬಂದಿರುತ್ತವೆ. ಅವು ಸೂಜಿಯಂತೆ ಸಣ್ಣ, ಚೂಪು. ಮೂರೂವರೆಯಿಂದ ನಾಲ್ಕು ತಿಂಗಳಿಗೆ ಮುಂದಿನ ಸಾಲಿನ ಸಣ್ಣ ಬಾಚಿಹಲ್ಲುಗಳು ಬಿದ್ದು, ಅಗಲವಾದ ಹೊಸ ಹಲ್ಲುಗಳು ಮೂಡುತ್ತವೆ. ಐದು ತಿಂಗಳ ಸುಮಾರಿಗೆ ಕೋರೆಹಲ್ಲುಗಳು ಬದಲಾಗುತ್ತವೆ; ಹಳೆಯ ಕೋರೆಯೂ ಹೊಸ ಕೋರೆಯೂ ಕೆಲವು ದಿನ ಜೊತೆಯಲ್ಲಿಯೇ ಕಾಣುವುದುಂಟು. ಆರು ತಿಂಗಳಿಗೆ ಹಲ್ಲು ಬದಲಾಗುವುದು ಮುಗಿಯುತ್ತದೆ. ಮುಂದಿನ ಬಾಚಿಹಲ್ಲು ಬದಲಾಗಿದ್ದು ಕೋರೆ ಇನ್ನೂ ಎಳೆಯದಾಗಿದ್ದರೆ ಶಸ್ತ್ರಚಿಕಿತ್ಸೆಗೆ ಅದೇ ತಕ್ಕ ಕಾಲ. ಹೊಸ ಕೋರೆ ಪೂರ್ತಿ ಬಂದಿದ್ದರೆ ಇನ್ನು ತಡಮಾಡಬಾರದು.

ಮೊದಲು ಮಾಡಬೇಕಾದ ಸಿದ್ಧತೆ

ಮರಿಗೆ ಎಂಟು ವಾರದಿಂದ ಆರಂಭಿಸಿ, ಮೂರು ನಾಲ್ಕು ವಾರಗಳ ಅಂತರದಲ್ಲಿ, ಹದಿನಾರು ವಾರದವರೆಗೆ ರೋಗನಿರೋಧಕ ಲಸಿಕೆಗಳನ್ನು ಹಾಕಿಸಬೇಕು. ಮೂರು ತಿಂಗಳು ತುಂಬಿದ ಮೇಲೆ ರೇಬೀಸ್ ಲಸಿಕೆ ತಪ್ಪದೆ ಆಗಬೇಕು. ಜಂತುಹುಳುವಿನ ಔಷಧಿಯನ್ನು ವೈದ್ಯರು ತೂಕ ನೋಡಿ ಕೊಡುತ್ತಾರೆ. ಕೊನೆಯ ಸುತ್ತಿನ ಲಸಿಕೆಗೆ ಹೋದ ದಿನವೇ ಶಸ್ತ್ರಚಿಕಿತ್ಸೆಯ ದಿನವನ್ನು ಗೊತ್ತುಮಾಡಿಕೊಂಡು ಬಂದರೆ ಮರೆತುಹೋಗುವ ಭಯವಿರುವುದಿಲ್ಲ.

ಆಹಾರದ ವಿಷಯದಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ನಮ್ಮ ಮನೆಗಳು ಶಾಕಾಹಾರಿ. ಬೆಕ್ಕಿಗೂ ಹಾಲು ಅನ್ನ, ಮೊಸರನ್ನ ಹಾಕುವುದು ವಾಡಿಕೆ. ಆದರೆ ಬೆಕ್ಕು ಹುಟ್ಟಿನಿಂದಲೇ ಮಾಂಸಾಹಾರಿ ಪ್ರಾಣಿ. ಅದರ ಕಣ್ಣಿಗೂ ಹೃದಯಕ್ಕೂ ಬೇಕಾದ ಟಾರಿನ್ ಎಂಬ ಪೋಷಕಾಂಶವನ್ನು ಅದು ಸಾಕಷ್ಟು ತಾನೇ ತಯಾರಿಸಿಕೊಳ್ಳಲಾರದು. ಅನ್ನದಲ್ಲಿ ಅದು ಇಲ್ಲ. ಬಹುಕಾಲ ಅನ್ನವನ್ನೇ ತಿಂದ ಬೆಕ್ಕಿನ ದೃಷ್ಟಿ ಕುಂದಬಹುದು, ಹೃದಯ ದುರ್ಬಲವಾಗಬಹುದು. ಬಲಿತ ಬೆಕ್ಕುಗಳಲ್ಲಿ ಅನೇಕಕ್ಕೆ ಹಸುವಿನ ಹಾಲು ಜೀರ್ಣವಾಗದೆ ಭೇದಿಯೂ ಆಗುತ್ತದೆ. ಅಡುಗೆಮನೆಯಲ್ಲಿ ಮಾಂಸ ತರಲು ಒಪ್ಪದವರು ಬೆಕ್ಕಿನ ಮರಿಗಳಿಗೆಂದೇ ತಯಾರಾದ, ಟಾರಿನ್ ಸೇರಿಸಿದ ಒಣ ಆಹಾರವನ್ನು ಅಂಗಡಿಯಿಂದ ತಂದು, ಬೇರೆ ತಟ್ಟೆಯಲ್ಲಿ, ಬೇರೆ ಜಾಗದಲ್ಲಿ ಹಾಕಬಹುದು. ಪಕ್ಕದಲ್ಲಿ ಶುದ್ಧ ನೀರಿರಲಿ. ಒಂದು ಪ್ರಾಣಿಯನ್ನು ಮನೆಗೆ ತಂದ ಮೇಲೆ ಅದರ ದೇಹಧರ್ಮಕ್ಕೆ ತಕ್ಕ ಆಹಾರ ಕೊಡುವುದು ನಮ್ಮ ಕರ್ತವ್ಯ. ಶಸ್ತ್ರಚಿಕಿತ್ಸೆಗೆ ಬೇಕಾದ ತೂಕವೂ ಶಕ್ತಿಯೂ ಬರುವುದು ಇದರಿಂದಲೇ.

ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಈ ಶಸ್ತ್ರಚಿಕಿತ್ಸೆ ನಡೆಯುವುದೇ, ಯಾವ ದಿನ ನಡೆಯುತ್ತದೆ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು. ಅಲ್ಲಿ ಅನುಕೂಲವಿಲ್ಲದಿದ್ದರೆ ಕೋಲಾರದ ಕಡೆಯ ವೈದ್ಯರನ್ನು, ತೊಡಕಿನ ಪ್ರಕರಣವಾದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯನ್ನು ಕಾಣಬಹುದು. ವೈದ್ಯರಲ್ಲದವರ ಕೈಗೆ ಎಂದಿಗೂ ಕೊಡಬಾರದು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್.ನ ಎಷ್ಟೋ ಕುಟುಂಬಗಳ ದುಡಿಮೆ ಬೆಂಗಳೂರಿನ ರೈಲಿಗೆ ಕಟ್ಟುಬಿದ್ದಿದೆ. ನಸುಕಿನಲ್ಲಿ ಹೊರಟವರು ಮನೆ ಸೇರುವುದು ರಾತ್ರಿ. ಅಂಥವರು ಮನೆಯಲ್ಲಿ ಯಾರಾದರೊಬ್ಬರು ಎರಡು ಮೂರು ದಿನ ಉಳಿಯುವಂತೆ ನೋಡಿಕೊಂಡು ದಿನವನ್ನು ಆರಿಸಿಕೊಳ್ಳಬೇಕು.

ಆ ದಿನ ಮತ್ತು ಅನಂತರ

ಶಸ್ತ್ರಚಿಕಿತ್ಸೆಗೆ ಮುನ್ನ ಉಪವಾಸವೆಷ್ಟು ಎಂಬುದನ್ನು ವೈದ್ಯರನ್ನೇ ಕೇಳಿರಿ. ದೊಡ್ಡ ಬೆಕ್ಕಿನಂತೆ ಚಿಕ್ಕ ಮರಿಯನ್ನು ರಾತ್ರಿಯಿಡೀ ಉಪವಾಸ ಕೆಡವಬಾರದು. ಎಳೆಯದಕ್ಕೆ ಸಾಮಾನ್ಯವಾಗಿ ಮೂರು ನಾಲ್ಕು ಗಂಟೆ ಸಾಕು. ಗಾಳಿಯಾಡುವ ಪೆಟ್ಟಿಗೆಯಲ್ಲಿ ಅಥವಾ ಮುಚ್ಚಳವಿರುವ ಬುಟ್ಟಿಯಲ್ಲಿ ಕರೆದೊಯ್ಯಿರಿ. ಮನೆಗೆ ತಂದ ಮೇಲೆ ಅರಿವಳಿಕೆಯ ಮಂಪರು ಇಳಿಯುವವರೆಗೆ ಬೆಚ್ಚಗಿನ ಮೂಲೆಯಲ್ಲಿ, ನೆಲದ ಮೇಲೆಯೇ ಮಲಗಿಸಿರಿ, ಎತ್ತರದಲ್ಲಿಟ್ಟರೆ ಬೀಳುತ್ತದೆ. ಚಳಿಗಾಲದ ರಾತ್ರಿಯಾದರೆ ಕಂಬಳಿ ಹೊದಿಸಿರಿ. ಪೂರ್ತಿ ಎಚ್ಚರವಾದ ಮೇಲೆ ಸ್ವಲ್ಪ ಸ್ವಲ್ಪವಾಗಿ ಆಹಾರ ಕೊಡಿರಿ.

ಹೊಲಿಗೆ ಮಾಯಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಅಲ್ಲಿಯವರೆಗೆ ಸ್ನಾನ ಬೇಡ, ಹೊರಗೆ ಬಿಡುವುದು ಬೇಡ. ಹೊಲಿಗೆಯನ್ನು ನೆಕ್ಕದಂತೆ ವೈದ್ಯರು ಕೊಡುವ ಕೊರಳಪಟ್ಟಿಯನ್ನು ತೆಗೆಯಬೇಡಿರಿ. ಗಾಯಕ್ಕೆ ಅರಿಸಿನ, ಸುಣ್ಣ, ಎಣ್ಣೆ ಯಾವುದನ್ನೂ ಹಚ್ಚಬಾರದು. ಭಕ್ತಿಯಿಂದ ವಿಭೂತಿ ಹಚ್ಚುವವರು ಬೆಕ್ಕಿನ ನೊಸಲಿಗೆ ಹಚ್ಚಲಿ, ಹೊಲಿಗೆಯ ಮೇಲೆ ಬೇಡ.

ಇನ್ನೆರಡು ಎಚ್ಚರಿಕೆಗಳು ಪ್ರಾಣದ ಮಾತು. ನೋವಿಗೆಂದು ನಮ್ಮ ಪ್ಯಾರಸಿಟಮಾಲ್ ಮಾತ್ರೆಯನ್ನು ಬೆಕ್ಕಿಗೆ ಕೊಡಲೇಬಾರದು. ಒಂದೇ ಮಾತ್ರೆ ಅದರ ಪ್ರಾಣ ತೆಗೆಯಬಲ್ಲದು. ಅದು ಮಲಗುವ ಜಾಗವನ್ನು ಫಿನೈಲಿನಿಂದ ಒರೆಸಬಾರದು. ಕಾಲಿಗೆ ಅಂಟಿದ್ದನ್ನು ನೆಕ್ಕಿದರೆ ಅದೂ ವಿಷ. ಮರಿ ಒಂದು ದಿನ ಕಳೆದರೂ ಏನೂ ತಿನ್ನದಿದ್ದರೆ, ಹೊಲಿಗೆಯಿಂದ ರಕ್ತ ಅಥವಾ ಕೀವು ಬಂದರೆ, ವಸಡು ಬಿಳಿಚಿಕೊಂಡಿದ್ದರೆ, ಏಳಲಾಗದೆ ಮಲಗಿದ್ದರೆ ತಡಮಾಡದೆ ವೈದ್ಯರ ಬಳಿಗೆ ಒಯ್ಯಬೇಕು.

ಭಕ್ತರು ಕೇಳುವ ಪ್ರಶ್ನೆಗಳು

*ಶಸ್ತ್ರಚಿಕಿತ್ಸೆಯಾದ ಬೆಕ್ಕು ಇಲಿ ಹಿಡಿಯುವುದಿಲ್ಲವಂತೆ, ನಿಜವೇ?* ನಿಜವಲ್ಲ. ಬೇಟೆಯ ಗುಣಕ್ಕೂ ಬೆದೆಗೂ ಸಂಬಂಧವಿಲ್ಲ. ಅಲೆದಾಟ ತಪ್ಪುವುದರಿಂದ ಬೆಕ್ಕು ಮನೆಯ ಸುತ್ತಲೇ ಇರುತ್ತದೆ.

*ದಪ್ಪಗಾಗುತ್ತದೆಯೇ?* ಆಹಾರ ಮೊದಲಿನಷ್ಟೇ ಹಾಕಿದರೆ ಆಗುತ್ತದೆ. ಶಸ್ತ್ರಚಿಕಿತ್ಸೆಯ ನಂತರ ದೇಹಕ್ಕೆ ಬೇಕಾದ ಶಕ್ತಿ ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ. ಬೆಳವಣಿಗೆ ಮುಗಿಯುತ್ತ ಬಂದಂತೆ ಅಳತೆ ಮಾಡಿ ಹಾಕಿರಿ, ದಿನವೂ ಸ್ವಲ್ಪ ಹೊತ್ತು ಆಡಿಸಿರಿ.

*ಗರ್ಭ ನಿಲ್ಲದಂತೆ ಚುಚ್ಚುಮದ್ದು ಕೊಡಿಸಿದರೆ ಸಾಲದೇ?* ಅಂಥ ಹಾರ್ಮೋನು ಔಷಧಿಗಳಿಂದ ಗರ್ಭಕೋಶದಲ್ಲಿ ಕೀವಾಗುವ, ಮೊಲೆಗಳಲ್ಲಿ ಗಡ್ಡೆಯಾಗುವ ಅಪಾಯವಿದೆ. ಶಸ್ತ್ರಚಿಕಿತ್ಸೆಗೆ ಅದು ಪರ್ಯಾಯವಲ್ಲ.

*ಈಗಾಗಲೇ ಮರಿ ಹಾಕಿದೆ, ಏನು ಮಾಡುವುದು?* ಮರಿಗಳು ಮೊಲೆ ಬಿಟ್ಟು ಹಾಲು ಇಂಗುವವರೆಗೆ, ಅಂದರೆ ಸುಮಾರು ಎರಡು ತಿಂಗಳು, ತಾಯಿಯನ್ನು ಮನೆಯೊಳಗೇ ಇರಿಸಿಕೊಂಡು, ಆಮೇಲೆ ಮಾಡಿಸಿರಿ. ಮರಿಗಳಿಗೂ ನಾಲ್ಕು ತಿಂಗಳಾದೊಡನೆ ಆಗಲಿ. ಬೇರೆಯವರಿಗೆ ಮರಿ ಕೊಡುವಾಗ ಈ ಮಾತನ್ನು ಹೇಳಿಯೇ ಕೊಡಿರಿ.

*ಬೆದೆಯಲ್ಲಿರುವಾಗ ಮಾಡಿಸಬಹುದೇ?* ಸಾಧ್ಯವುಂಟು, ಆದರೆ ಆಗ ರಕ್ತನಾಳಗಳು ಉಬ್ಬಿರುವುದರಿಂದ ವೈದ್ಯರು ನೋಡಿ ನಿರ್ಧರಿಸುತ್ತಾರೆ. ಈ ತೊಡಕೇ ಬಾರದಿರಲೆಂದು ಮೊದಲ ಬೆದೆಗೆ ಮುನ್ನವೇ ಮಾಡಿಸಬೇಕೆನ್ನುವುದು.

ನೆನಪಿಡಬೇಕಾದ ಕ್ರಮ

ಎರಡು ತಿಂಗಳಿಗೆ ಮೊದಲ ಲಸಿಕೆ. ಮೂರು ತಿಂಗಳಿಗೆ ಎರಡನೆಯ ಸುತ್ತು ಮತ್ತು ರೇಬೀಸ್ ಲಸಿಕೆ. ನಾಲ್ಕು ತಿಂಗಳಿಗೆ ಕೊನೆಯ ಸುತ್ತು, ಅದೇ ದಿನ ಶಸ್ತ್ರಚಿಕಿತ್ಸೆಯ ದಿನ ನಿಗದಿ. ಐದು ತಿಂಗಳು ತುಂಬುವುದರೊಳಗೆ ಶಸ್ತ್ರಚಿಕಿತ್ಸೆ. ಸಂಕ್ರಾಂತಿಗೆ ಹುಟ್ಟಿದ ಮರಿಗೆ ಬಸವ ಜಯಂತಿಯ ಸುಮಾರಿಗೆ ಕೊನೆಯ ಲಸಿಕೆಯ ಕಾಲ ಬರುತ್ತದೆ. ಅಲ್ಲಿಂದ ಒಂದು ತಿಂಗಳೊಳಗೆ ಕೆಲಸ ಮುಗಿದಿರಬೇಕು. ಮನೆಯ ಪಂಚಾಂಗದಲ್ಲಿಯೋ ಗೋಡೆಯ ಕ್ಯಾಲೆಂಡರಿನಲ್ಲಿಯೋ ಈ ದಿನಗಳನ್ನು ಗುರುತು ಹಾಕಿಡಿರಿ.

ಸಕಲ ಜೀವಿಗಳಲ್ಲಿ ದಯೆಯಿರಬೇಕೆಂಬುದು ಶರಣರ ದಾರಿ. ಆ ದಯೆ ಅಂಗಳದಲ್ಲಿ ಬಿಟ್ಟ ಮರಿಗೆ ಒಂದು ಲೋಟ ಹಾಲೆರೆಯುವಷ್ಟಕ್ಕೆ ಮುಗಿಯದೆ, ಅಂಥ ಮರಿ ಅಂಗಳಕ್ಕೆ ಬೀಳದಂತೆ ಮೊದಲೇ ಎಚ್ಚರ ವಹಿಸುವ ಕಾಯಕವಾಗಲಿ. ಈಗ ನಿಮ್ಮ ಮನೆಯಲ್ಲಿ ಮೂರು ನಾಲ್ಕು ತಿಂಗಳ ಮರಿಯಿದ್ದರೆ, ಈ ವಾರವೇ ಅದರ ಹಲ್ಲು ನೋಡಿ, ತೂಕ ಮಾಡಿ, ವೈದ್ಯರನ್ನು ಕಾಣಿರಿ.